ದ್ರಾಕ್ಷಿ ಶೆಡ್ಡಿನಲ್ಲಿ ಯೆಹೂದದ ಅರಸರು

ನಮ್ಮ ಮನೆಯ ಒಗ್ಗರಣೆ ಡಬ್ಬಿಯಲ್ಲಿ, ಮೆಂತ್ಯ ಇರಬೇಕಾದ ಬಟ್ಟಲೊಳಗೆ, ನೀಲಿ ಸೀಮೆಸುಣ್ಣದ ತುಂಡೊಂದಿದೆ. ನಮ್ಮ ವಿಜಯಪುರದ ಕಡೆ ಇದನ್ನು ಖಡು ಎನ್ನುತ್ತೇವೆ. ಬೆರಳಿನ ಒಂದು ಗೆಣ್ಣಿನಷ್ಟು ಉಳಿದಿದೆ. ಒಂದು ಮಗ್ಗುಲು ಸವೆದು ಚಪ್ಪಟೆಯಾಗಿದೆ, ಅರಿಶಿನದ ಕೈ ತಾಗಿ ತುದಿ ಹಸಿರಾಗಿದೆ. ಮೊನ್ನೆ ಹುಣಸೆಹಣ್ಣು ಕೇಳಲು ಬಂದ ಪಕ್ಕದ ಮನೆಯವರು ಡಬ್ಬಿಯೊಳಗೆ ಇಣುಕಿ, "ಇದೇನ್ರಿ, ಹೊಟ್ಟಿನೋವಿನ ಔಷಧೇನು?" ಎಂದು ಕೇಳಿದರು. "ಹೌದ್ರಿ" ಎಂದೆ. ಯಾರ ಹೊಟ್ಟೆನೋವಿಗೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಿಮಗೆ ಹೇಳಬಹುದು. ಈ ಖಡುವಿನಿಂದ ನಾನು ಘೋಣಸಗಿಯಲ್ಲಿರುವ ನಮ್ಮ ಒಣದ್ರಾಕ್ಷಿ ಶೆಡ್ಡಿನ ಕಂಬಗಳ ಮೇಲೆ ಪ್ರಾಚೀನ ಯೆಹೂದಿ ಅರಸರ ಹೆಸರುಗಳನ್ನು ಬರೆದೆ. ಅವರ ರಾಜ್ಯ ಹೇಗೆ ಎದ್ದಿತು, ಹೇಗೆ ಬಿತ್ತು ಎಂಬುದರ ಮೇಲಿನ ಪರೀಕ್ಷೆಯ ಒಂದು ಪೇಪರನ್ನು ಈ ವಯಸ್ಸಿನಲ್ಲಿ ಬರೆದೇ ತೀರುತ್ತೇನೆಂದು ಹಟ ಹಿಡಿದು, ಮನೆಮಂದಿಯ ಮುಖವನ್ನೆಲ್ಲ ಊದಿಸಿದೆ. ಹಾಗೆ ನೋಡಿದರೆ ನಾನು ಯಾರ ಮುಖವನ್ನೂ ಊದಿಸುವವಳಲ್ಲ. ಕಾನ್ವೆಂಟಿನಲ್ಲಿ ಓದಿದವಳು. ಕುರ್ಚಿಗೆ ಕಾಲು ತಾಗಿದರೆ ಕುರ್ಚಿಗೂ ‘ಸಾರಿ’ ಹೇಳುವ ಪೈಕಿ. ಮದುವೆಯಾಗಿ ಬಂದ ಹೊಸದರಲ್ಲಿ ಬಚ್ಚಲಿಗೆ ಹೋಗಲೂ ಅತ್ತೆಯವರ ಮುಂದೆ ನಿಂತು ಅಪ್ಪಣೆ ಕೇಳಿದ್ದೆ. "ಹೋಗ್ ಬೇ, ಅದಕ್ಕೂ ನನ್ನ ಕೇಳ್ತೀಯೇನ?" ಎಂದು ಅವರು ನಕ್ಕಿದ್ದರು. ಉಳಿದದ್ದಕ್ಕೆಲ್ಲ ಕೇಳಲೇಬೇಕು ಎಂಬುದೂ ಆ ನಗೆಯೊಳಗೇ ಇತ್ತೆಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಹಟದ ಬೇರೂ ಆ ಕಾನ್ವೆಂಟಿನಲ್ಲೇ ಇದೆ. ನಮ್ಮ ಶಾಲೆಯಲ್ಲಿ ವಾರಕ್ಕೊಂದು ಪಿರಿಯಡ್ಡು ತರಗತಿ ಎರಡಾಗುತ್ತಿತ್ತು. ಕ್ರೈಸ್ತ ಹುಡುಗಿಯರು ವರಾಂಡ ದಾಟಿ ಎದುರಿನ ಕೋಣೆಗೆ ತಮ್ಮ ಧರ್ಮದ ಪಾಠಕ್ಕೆ ಹೋಗುತ್ತಿದ್ದರು. ಉಳಿದ ನಾವು ಇದ್ದಲ್ಲೇ ‘ಮಾರಲ್ ಸೈನ್ಸ್’ಗೆ ಕೂರುತ್ತಿದ್ದೆವು. ನಮ್ಮ ಪುಸ್ತಕದಲ್ಲಿ ಒಬ್ಬ ಒಳ್ಳೆಯ ಹುಡುಗ, ಒಬ್ಬ ಕೆಟ್ಟ ಹುಡುಗ ಇರುತ್ತಿದ್ದರು. ಒಳ್ಳೆಯವನು ಹಲ್ಲುಜ್ಜುತ್ತಿದ್ದ, ಹಿರಿಯರ ಮಾತು ಕೇಳುತ್ತಿದ್ದ. ಪಾಠ ಮುಗಿಯುವ ಹೊತ್ತಿಗೆ ಕೆಟ್ಟವನೂ ಹಲ್ಲುಜ್ಜತೊಡಗುತ್ತಿದ್ದ. ಎದುರಿನ ಕೋಣೆಯಲ್ಲಾದರೆ ರಾಜರಿದ್ದರು! ನನ್ನ ಜಾಗ ಕಿಟಕಿಯ ಪಕ್ಕ. ಆಮೇಲೆ ನನ್ನ ಕಿವಿ ಯಾವ ಕೋಣೆಯಲ್ಲಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಸಿಸ್ಟರ್ ಫಿಲೋಮಿನಾ ಮಂಗಳೂರಿನ ಕಡೆಯವರು. ನಮ್ಮೂರಿನ ‘ಹೋಗ್ಯಾಳ, ಬಂದಾನ’ಗಳ ನಡುವೆ ಅವರ ಪುಸ್ತಕದಂಥ ಕನ್ನಡ ಇಸ್ತ್ರಿ ಮಾಡಿದ ಕರವಸ್ತ್ರದ ಹಾಗೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ನೀಲಿ ಖಡುವಿನಿಂದ ಹಲಗೆಯ ಮೇಲೆ ಒಂದು ನದಿ ಎಳೆಯುವರು, ನದಿಯ ಕೊನೆಗೆ ಯಾವ ಮೀನೂ ಬದುಕದ ಉಪ್ಪು ಸಮುದ್ರವೊಂದನ್ನು ತುಂಬುವರು, ಪಕ್ಕದಲ್ಲಿ ಅಂಗೈ ಅಗಲದ ಒಂದು ರಾಜ್ಯ ಬರೆಯುವರು. ಕುರಿ ಕಾಯುತ್ತಿದ್ದ ದಾವೀದ ಅದನ್ನು ಕಟ್ಟಿದ. ಅವನ ಮಗ ಸೊಲೊಮೋನ ಅಲ್ಲಿ ಬಂಗಾರದ ದೇವಾಲಯ ಕಟ್ಟಿಸಿದ, ಅದಕ್ಕಿಂತ ಹೆಚ್ಚು ಕಾಲ ಹಿಡಿದು ತನ್ನ ಅರಮನೆ ಕಟ್ಟಿಸಿದ. ಕಲ್ಲು ಹೊತ್ತು ಜನರ ಬೆನ್ನು ಬಾಗಿತು. ಸೊಲೊಮೋನ ಸತ್ತ ಮೇಲೆ ಜನರೆಲ್ಲ ಸೇರಿ ಅವನ ಮಗ ರೆಹಬ್ಬಾಮನ ಮುಂದೆ ಬಂದು ನಿಂತರು. ‘ನಿಮ್ಮ ತಂದೆ ನಮ್ಮ ಹೆಗಲ ಮೇಲೆ ಭಾರದ ನೊಗ ಇಟ್ಟಿದ್ದರು. ಸ್ವಲ್ಪ ಹಗುರ ಮಾಡಿರಿ, ಸಾಯುವ ತನಕ ನಿಮ್ಮ ಸೇವೆ ಮಾಡುತ್ತೇವೆ’ ಎಂದರು. ರೆಹಬ್ಬಾಮ ವಿಚಾರಿಸಿ ಹೇಳುತ್ತೇನೆ ಎಂದು ಒಳಗೆ ಹೋದ.

ಅಷ್ಟರಲ್ಲಿ ಗಂಟೆ ಹೊಡೆಯಿತು.

ಆ ರಾಜ ಹೊರಗೆ ಬಂದು ಏನು ಹೇಳಿದ? ಊಟದ ಬಿಡುವಿನಲ್ಲಿ ಸಿಸ್ಟರ್ ಹಿಂದೆ ಓಡಿಹೋಗಿ ಕೇಳಿದೆ. ಅವರು ನನ್ನ ಹಣೆಯ ವಿಭೂತಿಯನ್ನೊಮ್ಮೆ ನೋಡಿ, ತಲೆ ಸವರಿ, "ಅದು ನಿಮ್ಮ ಪಾಠವಲ್ಲ ಮಗೂ. ನಿಮ್ಮ ತಂದೆಯವರು ಬೇಸರ ಮಾಡಿಕೊಂಡಾರು" ಎಂದರು. ಅವರ ತಪ್ಪೇನೂ ಇರಲಿಲ್ಲ. ನನ್ನ ತಂದೆ ನಿಜವಾಗಿಯೂ ಬೇಸರ ಮಾಡಿಕೊಳ್ಳುತ್ತಿದ್ದರು. ಇಂಗ್ಲಿಷ್ ಬರಲಿ, ಬೇರೇನೂ ಬರುವುದು ಬೇಡ ಎಂದು ಲೆಕ್ಕ ಹಾಕಿಯೇ ಅವರು ನನ್ನನ್ನು ಆ ಶಾಲೆಗೆ ಸೇರಿಸಿದ್ದು. ನಾನು ಸುಮ್ಮನಾದೆ. ಸುಮ್ಮನಾಗುವುದನ್ನು ಕಲಿಸುವ ಪಿರಿಯಡ್ಡಿಗೇ ಅಲ್ಲವೆ ನನ್ನನ್ನು ಕೂರಿಸಿದ್ದು. ಆದರೆ ಒಳಗೆ ಹೋದ ಆ ರಾಜ ನನ್ನ ತಲೆಯೊಳಗಿಂದ ಹೊರಗೆ ಬರಲೇ ಇಲ್ಲ. ಮದುವೆಯಾದೆ, ಮಗಳನ್ನು ಹೆತ್ತೆ, ಅವಳನ್ನು ಓದಲು ಧಾರವಾಡಕ್ಕೆ ಕಳಿಸಿದೆ. ಸಾರಿನ ಕುದಿ ಬರುವುದನ್ನು ಕಾಯುತ್ತ ನಿಂತಾಗ ಒಮ್ಮೊಮ್ಮೆ ನೆನಪಾಗುತ್ತಿತ್ತು: ಅಯ್ಯೋ, ಆ ಜನ ಇನ್ನೂ ಬಾಗಿಲಲ್ಲೇ ನಿಂತಿದ್ದಾರಲ್ಲ!

ರಾಜ್ಯ ಬೀಳುವುದೆಂದರೆ ನಮ್ಮ ಊರಿನವರಿಗೆ ದೊಡ್ಡ ಸುದ್ದಿಯಲ್ಲ, ಅದೂ ಒಂದು ಕಾರಣವಿರಬೇಕು. ವಿಜಯಪುರದಲ್ಲಿ ಹುಟ್ಟಿದ ಮಗು ಕಣ್ಣು ಬಿಟ್ಟರೆ ಕಾಣುವುದೇ ಬಿದ್ದ ಕಮಾನು, ಮುರಿದ ಗೋಡೆ. ನಮ್ಮ ತವರುಮನೆಯ ಓಣಿಯಲ್ಲಿ ಸುಲ್ತಾನರ ಕಾಲದ ಒಂದು ಅರ್ಧ ಕಮಾನಿತ್ತು. ಅದಕ್ಕೆ ಯಾರೋ ಎಮ್ಮೆ ಕಟ್ಟುತ್ತಿದ್ದರು, ಇನ್ನೊಂದು ಬದಿಗೆ ನಮ್ಮ ಅವ್ವ ಸಗಣಿಯ ಕುಳ್ಳು ತಟ್ಟುತ್ತಿದ್ದಳು. ಎಲ್ಲಿಂದಲೋ ಬಂದ ಪ್ರವಾಸಿಗರು ಅದರ ಫೋಟೋ ತೆಗೆಯುವಾಗ ಅವ್ವ ಕುಳ್ಳಿನ ಮುಂದಿನಿಂದ ಸರಿದು ನಿಲ್ಲುತ್ತಿದ್ದಳು, ಕುಳ್ಳು ಚಂದ ಕಾಣಲಿ ಎಂದು. ಇದನ್ನು ಕಟ್ಟಿದವರು ಯಾರು, ಕೆಡವಿದವರು ಯಾರು ಎಂದು ನಾನು ಕೇಳಿದರೆ, "ಯಾರರೆ ಆಗವಲ್ರ್ಯಾಕ, ನೆಳ್ಳ ಚಲೋ ಬೀಳತೈತಿ" ಎನ್ನುತ್ತಿದ್ದಳು. ನೆರಳಿಗೆ ಕೂರುವುದು ಬೇಡ ಎಂದಲ್ಲ. ಆದರೆ ನನಗೆ ಕಟ್ಟಿದವರೂ ಬೇಕಿತ್ತು, ಕೆಡವಿದವರೂ ಬೇಕಿತ್ತು.

ಹೀಗಾಗಿ ಮೊನ್ನೆ ಮೊನ್ನೆ, ಕನ್ನಡಕದ ಗಾಜು ದಪ್ಪವಾದ ಮೇಲೆ, ಮುಕ್ತ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಎಂ.ಎ.ಗೆ ಹೆಸರು ಹಚ್ಚಿದೆ. ಪಟ್ಟಿಯಲ್ಲಿ ಪಶ್ಚಿಮ ಏಷ್ಯಾದ ಪ್ರಾಚೀನ ರಾಜ್ಯಗಳೆಂಬ ಒಂದು ಪೇಪರ್ ಇತ್ತು. "ಅದನ್ನ ಯಾರೂ ತಗೊಳ್ಳಂಗಿಲ್ರಿ ಮೇಡಮ್ಮಾರ" ಎಂದ ಕೌಂಟರಿನವನು. "ನಾ ತಗೋತೀನ್ರಿ" ಎಂದೆ. ಹಾಗೆಂದಾಗ ನನ್ನ ದನಿ ನನಗೇ ಹೊಸದಾಗಿ ಕೇಳಿತು.

ಪುಸ್ತಕ ಮನೆಗೆ ಬಂದ ದಿನ ಅತ್ತೆಯವರು ಅದನ್ನು ತಿರುಗಿಸಿ ಮರುಗಿಸಿ ನೋಡಿದರು. ಕಾಖಂಡಕಿಯ ದೊಡ್ಡ ಮನೆತನದಿಂದ ಬಂದವರು ಅವರು, ಈಗಲೂ ದನಿ ಹಿತ್ತಲಿಂದ ಬೀದಿಗೆ ಕೇಳುತ್ತದೆ. ಒಳಗೊಂದು ದೇವಾಲಯದ ಚಿತ್ರ, ಗಡ್ಡದ ಅರಸರ ಚಿತ್ರ.

"ಇದು ಕಿರಸ್ತಾನರ ಪುಸ್ತಕ ಅಲ್ಲೇನ ಬೇ?"

"ಅಲ್ರಿ ಅತ್ತಿ. ಯೆಹೂದಿಗಳ ರಾಜ್ಯದ ಇತಿಹಾಸ. ಪರೀಕ್ಷಾಕ್ಕ ಐತಿ."

"ಯಾರರೆ ಆಗ್ಲಿ. ನಾಳೆ ಕೊಳ್ಳಾಗಿನ ಲಿಂಗಾ ತಗದಿಟ್ಟು ಮತ್ತೇನರೆ ಹಾಕ್ಕೊಂಡ ಕುಂತೀ ಮತ್ತ!"

"ಸಾಲ್ಯಾಗ ಸುಲ್ತಾನರ ಇತಿಹಾಸ ಬಾಯಿಪಾಠ ಮಾಡೇನ್ರಿ. ತುರುಕರಾಕಿ ಆದ್ನೇನ್ರಿ?"

ಇಂಥ ಮರುಮಾತು ನನ್ನಿಂದ ಅವರು ಕೇಳಿದವರಲ್ಲ. ಪುಸ್ತಕವನ್ನು ಮೇಜಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ಬೇರೆ ದಾರಿಯಿಂದ ಬಂದರು. "ಅಲ್ಲ ಬೇ, ನಿನಗ ಏನ ಕಡಿಮಿ ಆಗೇತಿ ಅಂತೀನಿ? ಉಣ್ಣಾಕ ಐತಿ, ಉಡಾಕ ಐತಿ. ಈ ರಾಜಗೋಳ ಸುದ್ದಿ ತಗೊಂಡ ಏನ ಮಾಡಾಕಿ?"

ಈ ಪ್ರಶ್ನೆಯನ್ನು ಆಮೇಲೆ ಎಲ್ಲರೂ ಕೇಳಿದರು. ನಮ್ಮ ಮನೆಯವರದು ನಗರದಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ. ಅಂಗಡಿಗೆ ಬಂದ ಗಿರಾಕಿಗಳು ಕೂಡ ಕೇಳಿದರಂತೆ. ನೌಕರಿ ಸಿಗುತ್ತದೆಯೆ? ಇಲ್ಲ. ಕಾಲೇಜಿನಲ್ಲಿ ಕಲಿಸುತ್ತಾರೆಯೆ? ಇಲ್ಲ. ಮತ್ತೇಕೆ? ಮೊದಮೊದಲು ನಾನು ಏನಾದರೂ ಸಬೂಬು ಹುಡುಕುತ್ತಿದ್ದೆ, ಸಮಯ ಹೋಗಲೆಂದು, ಮರೆವು ಬರದಿರಲೆಂದು. ಆಮೇಲೆ ನಿಲ್ಲಿಸಿದೆ. ನಮ್ಮ ಮನೆಯವರು ದಿನಾ ಸಂಜೆ ಟಿ.ವಿ.ಯಲ್ಲಿ ಕ್ರಿಕೆಟ್ ನೋಡುತ್ತಾರೆ. ಅದರಿಂದ ಅವರಿಗೆ ಯಾವ ನೌಕರಿ ಸಿಕ್ಕಿದೆ?

ಇನ್ನು ಶೆಡ್ಡಿನ ವಿಷಯ. ದ್ರಾಕ್ಷಿ ತೋಟವನ್ನೂ ಶೆಡ್ಡನ್ನೂ ನೋಡಿಕೊಳ್ಳುವವನು ನನ್ನ ಮೈದುನ ಬಸು. ಚಳಿ ಹಿಂದೆ ಸರಿದು ಬಿಸಿಲು ಬಲಿಯತೊಡಗಿದರೆ ಒಣದ್ರಾಕ್ಷಿಯ ಹಂಗಾಮು. ಆಗ ಅತ್ತೆಯವರೂ ನಾನೂ ನಗರದ ಮನೆಗೆ ಬೀಗ ಹಾಕಿ, ತಿಕೋಟಾ ದಾಟಿ ಘೋಣಸಗಿಯ ತೋಟದ ಮನೆಗೆ ಹೋಗಿ ಬಿಡಾರ ಹೂಡುತ್ತೇವೆ. ನಮ್ಮ ಮನೆಯವರು ಅಂಗಡಿ ಮುಚ್ಚಿ ಬಂದು ಹೋಗಿ ಮಾಡುತ್ತಾರೆ. ಗೊಂಚಲುಗಳನ್ನು ಕೊಯ್ದು, ಎಣ್ಣೆ ಬೆರೆಸಿದ ದ್ರಾವಣದಲ್ಲಿ ಅದ್ದಿ ತೆಗೆದು, ತಗಡಿನ ಮಾಡಿನ ಕೆಳಗೆ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರಡುವುದು. ಗಾಳಿಯಾಡಬೇಕು, ಬಿಸಿಲು ನೇರ ಬೀಳಬಾರದು. ಒಣಗಿದ ಮೇಲೆ ಬಲೆ ಝಾಡಿಸಿ ಕೆಳಗೆ ಉದುರಿಸುವುದು, ಕಡ್ಡಿ ಆರಿಸುವುದು. ಈ ನಡುವೆ ಒಂದು ಅಕಾಲದ ಮಳೆ ಬಿದ್ದರೆ ಹಸಿರು ಹೊನ್ನಿನ ಬಣ್ಣದ ಮಾಲೆಲ್ಲ ಕಪ್ಪು. ಈ ಹಂಗಾಮಿನುದ್ದಕ್ಕೂ ಕೆಲಸದ ಹೆಂಗಸರಿಗೆ ರೊಟ್ಟಿ, ಝುಣಕ, ಸಾರು ಮಾಡಿ ಹಾಕುವುದು ನನ್ನ ಪಾಲಿನ ನೊಗ. ಭಾರವೆಂದು ಯಾವತ್ತೂ ಅಂದವಳಲ್ಲ.

ನಾನು ಒಲೆಯ ಮುಂದೆ ಕೂತು ಓದುತ್ತಿದ್ದೆ. ಆದರೆ ಅರಸರ ಹೆಸರು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ರಾಜ್ಯ ಎರಡಾಗಿ ಒಡೆದ ಮೇಲೆ ಉತ್ತರಕ್ಕೊಂದು ಸಾಲು, ದಕ್ಷಿಣದ ಯೆಹೂದಕ್ಕೊಂದು ಸಾಲು. ಅಲ್ಲೊಬ್ಬ ಯೋರಾಮ, ಇಲ್ಲೊಬ್ಬ ಯೋರಾಮ. ಬೆಂದ ರೊಟ್ಟಿ ತಿರುವಿ ಹಾಕುವಷ್ಟರಲ್ಲಿ ಯಾರ ಮಗ ಯಾರೆಂಬುದು ಕಲಸಿಹೋಗುತ್ತಿತ್ತು. ಒಂದು ಮಧ್ಯಾಹ್ನ ಶೆಡ್ಡಿನೊಳಗೆ ನಿಂತವಳಿಗೆ ಕಂಡಿತು: ಎಡಕ್ಕೊಂದು ಕಂಬಗಳ ಸಾಲು, ಬಲಕ್ಕೊಂದು ಸಾಲು, ನಡುವೆ ನಡೆದಾಡಲು ದಾರಿ. ತಿಕೋಟಾದಿಂದ ನೀಲಿ ಖಡು ತರಿಸಿದೆ. ಬೇರೆ ಬಣ್ಣ ತರಿಸಬಹುದಿತ್ತು, ನೀಲಿಯೇ ಬೇಕಿತ್ತು. ಎಡಗಡೆಯ ಕಲ್ಲುಕಂಬಗಳ ಮೇಲೆ ಉತ್ತರದವರನ್ನು ಬರೆದೆ, ಬಲಗಡೆಗೆ ದಕ್ಷಿಣದವರನ್ನು. ಉಪ್ಪಿನ ಪಾತ್ರೆ ಹಿಡಿದು ನಡುವೆ ಓಡಾಡುವಾಗೆಲ್ಲ ಬಾಯಿಪಾಠ.

ದುಂಡವ್ವ ಕೆಲಸದ ಹೆಂಗಸರ ಮುಂದಾಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಮೊದಲು ಕೇಳಿದವಳು ಅವಳೇ.

"ಅಕ್ಕಾರ, ಇವೆಲ್ಲ ಯಾರ ಹೆಸರರಿ? ದೇವರ ಹೆಸರೇನು? ನಾವು ಕಂಬಕ್ಕ ಕಾಲ ಹಚ್ಚತೀವ್ರಿ ಮತ್ತ."

"ದೇವರಲ್ಲ ದುಂಡವ್ವ. ಸತ್ತ ರಾಜರು."

"ಸತ್ತಿದ್ರ ಅಡ್ಡಿಯಿಲ್ಲ ಬಿಡ್ರಿ."

ಅಂದಿನಿಂದ ಕಡ್ಡಿ ಆರಿಸುವ ಹೊತ್ತು ಅವರಿಗೆ ಅರಸರ ಸುದ್ದಿ ಬೇಕಾಯಿತು. ಸಿಂಹಾಸನವೇರಿ ವಾರ ತುಂಬುವಷ್ಟರಲ್ಲಿ ಅರಮನೆಗೆ ತಾನೇ ಬೆಂಕಿ ಹಚ್ಚಿಕೊಂಡು ಸತ್ತ ಜಿಮ್ರಿಯ ಕಥೆ ಹೇಳಿದಾಗ, "ನಮ್ಮ ಪಂಚಾಯ್ತಿ ಅಧ್ಯಕ್ಷರಕಿಂತ ಲಗೂನ ಇಳದಾನಲ್ರಿ!" ಎಂದು ನಕ್ಕಳು ದುಂಡವ್ವ. ಗದ್ದುಗೆಯ ಆಸೆಗೆ ಸ್ವಂತ ಮೊಮ್ಮಕ್ಕಳನ್ನೇ ಕೊಲ್ಲಿಸಿದ ಅತಲ್ಯ ಎಂಬ ರಾಣಿಯ ಸುದ್ದಿ ಬಂದಾಗ ಎಲ್ಲರೂ ಹೌಹಾರಿ, ಏಕೋ ಒಮ್ಮೆ ನಮ್ಮ ಅತ್ತೆಯವರ ಕಡೆ ನೋಡಿದರು. ಅತ್ತೆಯವರು ದೂರದಲ್ಲಿ ಗೋಣಿತಟ್ಟಿನ ಮೇಲೆ ಬೆನ್ನು ತಿರುಗಿಸಿ ಕೂತು ಕಡ್ಡಿ ಆರಿಸುತ್ತಿದ್ದರು. ತಾವು ಕೇಳುತ್ತಿಲ್ಲ ಎಂದು ತೋರಿಸುವಷ್ಟು ಬೆನ್ನು ತಿರುಗಿಸಿದ್ದರು.

ಎಲ್ಲರಿಗಿಂತ ಬೈಗುಳ ತಿಂದವನು ಅಹಾಬ. ಅರಮನೆಯ ಮಗ್ಗುಲಿಗೆ ನಾಬೋತನೆಂಬ ಒಬ್ಬ ಸಾಮಾನ್ಯನ ದ್ರಾಕ್ಷಿ ತೋಟವಿತ್ತು. ಅಹಾಬನಿಗೆ ಆ ತೋಟ ಬೇಕು. ಹಣ ಕೊಡುತ್ತೇನೆ, ಇದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆ ಎಂದ. ನಮ್ಮ ಹಿರಿಯರದು, ಕೊಡುವುದಿಲ್ಲ ಎಂದ ನಾಬೋತ. ಅರಸ ಹೋಗಿ ಗೋಡೆಗೆ ಮುಖ ಮಾಡಿ ಉಣ್ಣದೆ ಮಲಗಿಬಿಟ್ಟ.

"ಉಣ್ಣಲಿಲ್ಲಂತ? ಅರಸ ಆಗಿ?" ದುಂಡವ್ವನ ಕೈ ನಿಂತಿತು. "ನಮ್ಮನಿ ಹಿರ್ಯಾನೂ ಹಿಂಗ ಮಾಡತಾನ್ರಿ. ಎರಡ ತಾಸ ಬಿಟ್ರ ತಾನ ಎದ್ದ ಬರತಾನ."

ಇವನು ಏಳಲಿಲ್ಲ, ಅವನ ಹೆಂಡತಿ ಸುಳ್ಳು ಸಾಕ್ಷಿ ಹೇಳಿಸಿ ನಾಬೋತನನ್ನು ಕಲ್ಲು ಹೊಡೆಸಿ ಕೊಲ್ಲಿಸಿದಳು ಎಂದೆ. ದ್ರಾಕ್ಷಿಯ ಮೇಲೆ ಬದುಕುವ ಹೆಂಗಸರ ಮುಂದೆ ಈ ಕಥೆ ಹೇಳಿದವರು ಲೋಕದಲ್ಲಿ ಎಷ್ಟು ಜನರೋ. ಮರುದಿನ ನೋಡಿದರೆ ಅಹಾಬನ ಕಂಬದ ಅಂಕಣಕ್ಕೆ ಯಾರೂ ಒಳ್ಳೆಯ ಗೊಂಚಲು ಹರಡಿರಲಿಲ್ಲ, ಸಣ್ಣವು ಸೀಳಿದವೆಲ್ಲ ಅವನ ಪಾಲು. ಮಾಲು ನೋಡಲು ಬಂದ ವ್ಯಾಪಾರಿ ಮುಷ್ಟಿ ತುಂಬ ಎತ್ತಿ, "ಬಸಣ್ಣ, ಇದ್ಯಾಕ ಹಿಂಗ ಐತಿ? ಯಾವ ಲಾಟಿಂದು?" ಎಂದ. ಬಸು ಬಾಯಿ ತೆರೆಯುವ ಮೊದಲೇ ದುಂಡವ್ವ ಹೇಳಿದಳು, "ಅದು ಅಹಾಬಂದ್ರಿ."

"ಯಾವ ಅಹಾಬ? ತಿಕೋಟಾದಾಂವೇನು?"

ಬಸು ಆ ದಿನ ನನ್ನ ಮುಂದೆ ಕೈ ಮುಗಿದ. "ವೈನಿ, ನಿಮ್ಮ ರಾಜಗೋಳನ್ನ ಬ್ಯಾರೆ ಕಡೆ ಇಟ್ಕೋರ್ರಿ. ವ್ಯಾಪಾರ ಕೆಡತೈತಿ." ನಾನು ‘ಸಾರಿ’ ಎಂದೆ. ಅಳಿಸಲಿಲ್ಲ.

ಪರೀಕ್ಷೆಯ ತಾರೀಖನ್ನು ನಾನು ಸಂಕ್ರಾಂತಿಯಿಂದಲೇ ಹೇಳುತ್ತ ಬಂದಿದ್ದೆ. ಎಲ್ಲರೂ ಹೂಂ ಎಂದಿದ್ದರು. ಮನೆಯಲ್ಲಿ ನಾವು ಹೇಳುವ ಮಾತಿಗೆ ಬರುವ ಹೂಂ ಎಂಥದೆಂದು ನಿಮಗೂ ಗೊತ್ತಿರಬೇಕು. ಫ್ಯಾನು ತಿರುಗಿದ ಹಾಗೆ, ಗಾಳಿ ಬರುತ್ತದೆ, ನೆನಪು ಉಳಿಯುವುದಿಲ್ಲ. ಪರೀಕ್ಷೆಯ ಹಿಂದಿನ ದಿನ ಇಳಿಹೊತ್ತಿಗೆ ಪಡುವಣ ದಿಕ್ಕಿಗೆ ಮೋಡ ಕಟ್ಟಿತು. ಬಸು ತಲೆಯೆತ್ತಿ ನೋಡಿ, ಕೊನೆಯ ಮಾಲನ್ನು ನಾಳೆಯೇ ಉದುರಿಸಬೇಕು ಎಂದ. ಬಬಲೇಶ್ವರದಿಂದ ಒಂದು ಜೀಪು ತುಂಬ ಹೆಂಗಸರನ್ನು ಹೆಚ್ಚಿಗೆ ಕರೆಸಿದ. ಅಷ್ಟೂ ಮಂದಿಗೆ ರೊಟ್ಟಿ ಬಡಿಯುವವರು ಯಾರು ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆಯೆಂದು ಅವರಿಗೆ ಅನ್ನಿಸಿರಲಿಲ್ಲ.

"ನಾಳೆ ನನ್ನ ಪರೀಕ್ಷಾ ಐತ್ರಿ" ಎಂದೆ, ಅಂಗಳದಲ್ಲಿ ಎಲ್ಲರೂ ಚಹಾ ಕುಡಿಯುವಾಗ.

"ಪರೀಕ್ಷಾ ಮುಂದಿನ ವರ್ಷನೂ ಬರತೈತಿ" ಎಂದರು ಅತ್ತೆಯವರು. "ಮಳಿ ನಾಳೆನ ಬರತೈತಿ."

"ಒಂದ ದಿನದ ಮಾತು. ರೊಟ್ಟಿ ತಿಕೋಟಾದಾಗ ಸಿಗತಾವ, ತರಿಸ್ರಿ. ನನ್ನ ಒಂದ ದಿನ ಬಿಡ್ರಿ."

ನಮ್ಮ ಮನೆಯವರು ಕೆಟ್ಟವರಲ್ಲ. ಯಾವ ಜಗಳದಲ್ಲೂ ಇಬ್ಬರ ಕಡೆಯೂ ತಲೆಯಾಡಿಸುವವರು. ಕಪ್ಪು ಕೆಳಗಿಟ್ಟು, "ತಡೀ, ವಿಚಾರ ಮಾಡಿ ಹೇಳತೇನಿ" ಎಂದು ಅವ್ವನನ್ನೂ ತಮ್ಮನನ್ನೂ ಕರೆದುಕೊಂಡು ಒಳಗೆ ಹೋದರು.

ನಾನು ಅಂಗಳದಲ್ಲಿ ನಿಂತೆ. ಎಷ್ಟೋ ವರ್ಷಗಳಿಂದ ಬಾಗಿಲಲ್ಲಿ ನಿಂತಿದ್ದ ಆ ಜನರ ನಡುವೆಯೇ ಈಗ ನಾನೂ ಒಬ್ಬಳಾಗಿದ್ದೆ. ಆದರೆ ಈಗ ನನಗೆ ಗೊತ್ತಿತ್ತು, ಪುಸ್ತಕ ಓದಿದ್ದೆನಲ್ಲ. ರೆಹಬ್ಬಾಮ ಒಳಗೆ ಹೋಗಿ ಮೊದಲು ಹಿರಿಯರನ್ನು ಕೇಳಿದ, ಅವರು ಹಗುರ ಮಾಡು ಎಂದರು. ಆಮೇಲೆ ತನ್ನ ಜೊತೆ ಆಡಿ ಬೆಳೆದವರನ್ನು ಕೇಳಿದ, ಅವರು ಇನ್ನೂ ಹೇರು ಎಂದರು. ಹೊರಗೆ ಬಂದು ಅವನು ಜನರಿಗೆ ಹೇಳಿದ್ದು ಅದನ್ನೇ: ನಮ್ಮಪ್ಪನ ನೊಗ ಭಾರವಾಗಿತ್ತೇ, ನನ್ನದು ಅದಕ್ಕಿಂತ ಭಾರ. ಜನ ಕೂಗಾಡಲಿಲ್ಲ, ಕಾಲಿಗೆ ಬೀಳಲಿಲ್ಲ. ನಿನ್ನ ಮನೆ ನೀನು ನೋಡಿಕೋ ಎಂದು ತಮ್ಮ ತಮ್ಮ ಬಿಡಾರಗಳಿಗೆ ಹೊರಟುಹೋದರು. ಅಷ್ಟು ದೊಡ್ಡ ರಾಜ್ಯ ಅಲ್ಲಿಗೇ ಎರಡಾಯಿತು.

ನಮ್ಮ ಮನೆಯವರು ಹೊರಗೆ ಬಂದರು. ಮುಖದಲ್ಲಿ ಸಮಾಧಾನ ಮಾಡುವ ನಗೆ.

"ಅವ್ವ ಹೇಳೂದೂ ಖರೆ ಐತಿ. ಮುಂದಿನ ವರ್ಷ ಬರೀ, ನಾನ ಕಾರಿನ್ಯಾಗ ಕರಕೊಂಡ ಹೋಗತೇನಿ. ಮತ್ತ ಹೆಂಗೂ ಅಡಗಿ ದೊಡ್ಡದು ಮಾಡಾಕತ್ತೀವಿ, ಅವ್ವನ ತವರಮನಿ ಕಾಖಂಡಕಿ ಮಂದಿನೂ ನಾಳೆನ ಊಟಕ್ಕ ಕರದಬಿಡೂಣಂತ ಅವ್ವ ಅಂದ್ಲು. ಹೋಳಿಗಿ ಮಾಡಿಬಿಡು."

ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ಸರಿಯಾಗಿ ಪುಸ್ತಕದ ಹಾಗೆ ನಡೆದುಕೊಳ್ಳುವರೆಂದು ನಾನೂ ಎಣಿಸಿರಲಿಲ್ಲ. ನಗು ಮುಗಿದ ಮೇಲೆ, "ಸಾರಿ ರೀ" ಎಂದೆ. ಅದು ಅಭ್ಯಾಸಬಲ. "ನಾ ಹೋಗಾಕಿ."

"ಏನಂದಿ?"

"ನಾಳೆ ಮುಂಜಾನಿ ಬಸ್ಸಿಗೆ ಹೋಗತೇನಿ. ಪೇಪರ್ ಬರಕೊಂಡ ಸಂಜೀಕ ಬರತೇನಿ."

ಒಳಗಿನಿಂದ ಅತ್ತೆಯವರ ದನಿ ಬಂತು, "ಮತ್ತ ರೊಟ್ಟಿ?"

ದನಿ ಏರಿಸದೆ ಹೇಳಿದೆ, "ಗೊತ್ತಿಲ್ರಿ ಅತ್ತಿ."

ಗೊತ್ತಿಲ್ಲ ಎಂಬ ಮಾತು ಇಷ್ಟು ಹಗುರವಾಗಿರುತ್ತದೆಂದು ಮೊದಲೇ ತಿಳಿದಿದ್ದರೆ ಎಂದೋ ಹೇಳುತ್ತಿದ್ದೆ.

ಇಂಥ ಕಥೆಗಳಲ್ಲಿ ಇಂಥವಳು ನಸುಕಿನಲ್ಲೆದ್ದು, ಎಲ್ಲರಿಗೂ ರೊಟ್ಟಿ ಬಡಿದು, ಪುಟ್ಟಿ ತುಂಬಿ ಮುಚ್ಚಿಟ್ಟು, ಆಮೇಲೆ ಪರೀಕ್ಷೆಗೆ ಓಡುತ್ತಾಳೆ. ನೀವೂ ಹಾಗೆಂದುಕೊಂಡಿದ್ದರೆ ಕ್ಷಮಿಸಬೇಕು. ನಾನು ಒಂದು ರೊಟ್ಟಿಯನ್ನೂ ಬಡಿಯಲಿಲ್ಲ. ಬೆಳಗಾಗೆದ್ದು ಸ್ನಾನ ಮಾಡಿ, ಲಿಂಗಪೂಜೆ ಮಾಡಿ, ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಕರವಸ್ತ್ರವನ್ನು ಕಾನ್ವೆಂಟಿನಲ್ಲಿ ಕಲಿಸಿದ ಹಾಗೆ ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡೆ. ಶೆಡ್ಡಿನ ಮುಂದೆ ಹಾಯುವಾಗ ಕಂಬಗಳ ಸಾಲನ್ನೊಮ್ಮೆ ನೋಡಿದೆ. ಬಲೆ ಬಿಚ್ಚುತ್ತಿದ್ದ ದುಂಡವ್ವ ಮೇಲಿನಿಂದಲೇ ಕೂಗಿದಳು, "ಅಕ್ಕಾರ, ಅಹಾಬನ ಪ್ರಶ್ನೆ ಬಂದ್ರ ಬಿಡಬ್ಯಾಡ್ರಿ ಅವನ್ನ! ನಮ್ಮ ಹೊಟ್ಟಿ ಚಿಂತಿ ನಿಮಗ ಬ್ಯಾಡ, ನಾವೇನ ಕೂಸಗೋಳೇನ್ರಿ?" ಅತ್ತೆಯವರು ಕಟ್ಟೆಯ ಮೇಲೆ ಕೂತಿದ್ದರು. ಹೋಗಿ ಬರುತ್ತೇನೆ ಎಂದೆ. ಆಕಾಶ ನೋಡುತ್ತಿದ್ದರು, ನನ್ನನ್ನು ನೋಡಲಿಲ್ಲ.

ತಿಕೋಟಾದಲ್ಲಿ ಬಸ್ಸು ಬದಲಿಸುವಾಗ ನನಗಿದ್ದ ಅಂಜಿಕೆ ಪರೀಕ್ಷೆಯದಲ್ಲ. ಮಳೆ ಬಂದರೆ ಜೀವನಪೂರ್ತಿ ಅದು ನನ್ನ ಮಳೆಯಾಗುತ್ತಿತ್ತು. ‘ಅವತ್ತ ನೀ ಪರೀಕ್ಷಾಕ್ಕ ಹೋಗಿದ್ದೆಲಾ, ಆ ಮಳಿ’ ಎಂದು ಅದಕ್ಕೊಂದು ಹೆಸರೇ ಬೀಳುತ್ತಿತ್ತು. ಹಿಂತಿರುಗುವ ಬಸ್ಸು ಎದುರಿಗೇ ನಿಂತಿತ್ತು. ಕಂಡಕ್ಟರ್ ಘೋಣಸಗಿ ಘೋಣಸಗಿ ಎಂದು ಕರೆಯುತ್ತಲೂ ಇದ್ದ. ಬಂದರೆ ಬರಲಿ ಎಂದು ವಿಜಯಪುರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಈ ಸಲ ಕಿಟಕಿಯ ಈಚೆಗೆ ಕೂತು ಆಚೆಯ ಕೋಣೆಯ ಪಾಠ ಕದಿಯಬೇಕಾಗಿರಲಿಲ್ಲ. ಅದು ನನ್ನದೇ ಪಾಠ.

ಪರೀಕ್ಷೆಯ ಕೋಣೆಯಲ್ಲಿ ನನ್ನ ಮಗಳ ಓರಗೆಯವರೇ ತುಂಬಿದ್ದರು. ಮೇಲ್ವಿಚಾರಕಿ ನನ್ನನ್ನು ಯಾರದೋ ತಾಯಿಯೆಂದು ಬಾಗಿಲಲ್ಲೇ ತಡೆದಳು. "ನಾನೇ ರೀ" ಎಂದೆ. ಪ್ರಶ್ನೆಪತ್ರಿಕೆಯಲ್ಲಿ ಅಹಾಬ ಬರಲಿಲ್ಲ. ಬಂದದ್ದು ರಾಜ್ಯ ಒಡೆದುದಕ್ಕೆ ಕಾರಣ, ಮತ್ತು ಯೆಹೂದದ ಪತನ. ಬರೆದೆ. ಉತ್ತರದ ರಾಜ್ಯವನ್ನು ಅಸ್ಸೀರಿಯದವರು ಮುಗಿಸಿದ್ದು, ದಕ್ಷಿಣದ್ದು ಸಣ್ಣದಾದರೂ ಇನ್ನಷ್ಟು ಕಾಲ ಉಳಿದದ್ದು, ಹಿಜ್ಕೀಯನೆಂಬ ಅರಸ ಮುತ್ತಿಗೆಗೆ ಹೆದರಿ ಬಂಡೆ ಕೊರೆದು ಊರೊಳಗೆ ನೀರು ತಂದದ್ದು, ಕೊನೆಗೆ ಬ್ಯಾಬಿಲೋನಿನ ಸೈನ್ಯ ಬಂದು ಸೊಲೊಮೋನನ ದೇವಾಲಯವನ್ನು ಸುಟ್ಟದ್ದು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಕಥೆಯ ಬಾಲದಲ್ಲಿ ಒಂದು ಸಣ್ಣ ಸಂಗತಿ ಇದೆ, ಇತಿಹಾಸಕಾರರು ಬೇಗ ದಾಟಿಬಿಡುವಂಥದು. ಅಡುಗೆಮನೆಯಲ್ಲಿ ಓದಿದ ನನಗೆ ಅದನ್ನು ದಾಟಲಾಗಲಿಲ್ಲ. ಸೆರೆಹೋದ ಅರಸ ಯೆಹೋಯಾಖೀನನ ಕಥೆ. ಬ್ಯಾಬಿಲೋನಿನಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಅವನ ಹೆಸರಿದೆಯಂತೆ. ಯುದ್ಧ ಗೆದ್ದದ್ದಕ್ಕಲ್ಲ, ಅವನಿಗೂ ಅವನ ಮಕ್ಕಳಿಗೂ ಉಗ್ರಾಣದಿಂದ ಎಣ್ಣೆ ಅಳೆದುಕೊಟ್ಟದ್ದಕ್ಕೆ. ಅದನ್ನೂ ಬರೆದೆ. ಕೊನೆಯ ಗಂಟೆ ಹೊಡೆಯಿತು. ಈ ಸಲ ಗಂಟೆ ಹೊಡೆದಾಗ ಕಥೆ ಮುಗಿದಿತ್ತು.

ಸಂಜೆ ಘೋಣಸಗಿಯಲ್ಲಿ ಇಳಿದರೆ ನೆಲ ಒಣಗಿತ್ತು. ನಾಲ್ಕು ಹನಿ ಉದುರಿಸಿ ಮೋಡ ಎತ್ತಲೋ ಹೋಗಿತ್ತು. ಮಾಲೆಲ್ಲ ಕೆಳಗಿಳಿದು ರಾಶಿಯಾಗಿತ್ತು. ತಿಕೋಟಾದಿಂದ ರೊಟ್ಟಿಯನ್ನು ನಮ್ಮ ಮನೆಯವರೇ ಹೋಗಿ ತಂದಿದ್ದರಂತೆ, ಕಾಖಂಡಕಿಯ ಮಂದಿಯನ್ನು ಕರೆಯುವ ವಿಚಾರ ತಾನಾಗಿಯೇ ಬಿದ್ದುಹೋಗಿತ್ತಂತೆ. ಯಾರೂ ಉಪವಾಸ ಇರಲಿಲ್ಲ. ಝುಣಕ ಮಾಡಿದವರು ಅತ್ತೆಯವರು. ಉಪ್ಪು ಸ್ವಲ್ಪ ಮುಂದಾಗಿತ್ತೆಂದು ದುಂಡವ್ವ ನನ್ನ ಕಿವಿಯಲ್ಲಿ ಹೇಳಿದಳು.

ಕೈಕಾಲು ತೊಳೆದುಕೊಂಡು ಒಳಗೆ ಬಂದೆ. ಅತ್ತೆಯವರು ತಾಟು ಹಾಕಿದರು. ಮುಖ ಇನ್ನೂ ಊದಿಯೇ ಇತ್ತು. ನಾನು ಉಣ್ಣತೊಡಗಿದೆ. ಉಪ್ಪು ನಿಜವಾಗಿಯೂ ಮುಂದಾಗಿತ್ತು. ಎರಡನೆಯ ರೊಟ್ಟಿ ಹಾಕುವಾಗ, ಒಲೆಯ ಕಡೆ ನೋಡುತ್ತ ಕೇಳಿದರು.

"ಕಡೀಕ ಏನಾತು ಬೇ, ನಿನ್ನ ರಾಜಗೋಳದು?"

ಬೆನ್ನು ತಿರುಗಿಸಿ ಕೂತು ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಊರ ಸುಟ್ರು, ಗುಡಿ ಸುಟ್ರು. ಅದಕ್ಕೂ ಮದಲ ಯೆಹೋಯಾಖೀನ ಅನ್ನೂ ಅರಸನ್ನ ಹಿಡಕೊಂಡ ಹೋಗಿ ಬ್ಯಾಬಿಲೋನಿನ್ಯಾಗ ಸೆರೀ ಒಳಗ ಇಟ್ರು. ಭಾಳ ವರ್ಷ ಆದ ಮ್ಯಾಲ ಅಲ್ಲಿ ಹೊಸಾ ರಾಜಾ ಬಂದ. ಅಂವ ಬಿಟ್ಟ."

"ಬಿಟ್ಟನೇನ? ಪಾಪ. ಊರಿಗೆ ಹೋದ್ನೇನ ಮತ್ತ?"

"ಇಲ್ರಿ, ಅಲ್ಲೇ ಇಟ್ಕೊಂಡ್ರು. ಸೆರಿಮನಿ ಅರಿವಿ ತಗಿಸಿ ಹೊಸಾ ಅರಿವಿ ಕೊಟ್ರು. ದಿನಾ ಆ ರಾಜನ ಪಂಕ್ತಿಯೊಳಗ ಊಟ. ಸಾಯೂ ಮಟಾ ಉಣ್ಣಾಕ ಉಡಾಕ ಏನೂ ಕಡಿಮಿ ಮಾಡ್ಲಿಲ್ಲ."

ಅತ್ತೆಯವರ ಕೈಯಲ್ಲಿದ್ದ ಸೌಟು ಝುಣಕದ ಪಾತ್ರೆಯ ಮೇಲೆ ನಿಂತಿತು.

"ಮತ್ತ ಅವನ ರಾಜ್ಯ?"

"ಅದನ್ನ ಕೊಡ್ಲಿಲ್ರಿ."

"ಹಂಗಾರ ಏನ ಕೊಟ್ಟಂಗಾತು ಬೇ?" ಎಂದರು ಅತ್ತೆಯವರು, ಕೆರಳಿ.

ನಾನು ತಾಟು ನೋಡುತ್ತ ಕೂತೆ. ಅವರೂ ಒಂದು ಗಳಿಗೆ ನನ್ನ ತಾಟನ್ನೇ ನೋಡಿದರು, ಆಮೇಲೆ ನನ್ನನ್ನು. ಬಾಯಿಗೆ ‘ಸಾರಿ’ ಬಂದಿತ್ತು. ನುಂಗಿಕೊಂಡೆ. ಅವರು ಕೇಳದೆ ಇನ್ನೊಂದು ರೊಟ್ಟಿ ಹಾಕಿ, ಸೆರಗು ಹೊದ್ದುಕೊಂಡು ಹೊರಗೆ ಹೋದರು. ಅವರ ಮುಖ ಇಳಿದಿತ್ತೋ ಇನ್ನೂ ಊದಿತ್ತೋ, ಕತ್ತಲಾಗುತ್ತಿದ್ದುದರಿಂದ ಕಾಣಲಿಲ್ಲ.

ಫಲಿತಾಂಶ ಇನ್ನೂ ಬಂದಿಲ್ಲ. ಬರಲಿ, ಬಿಡಲಿ. ಹಂಗಾಮು ಮುಗಿಸಿ ವಿಜಯಪುರಕ್ಕೆ ಬಂದು ಅಡುಗೆಮನೆ ಜೋಡಿಸಿಕೊಳ್ಳುವಾಗ ಸೆರಗಿನ ಗಂಟಿನಲ್ಲಿ ಈ ಖಡುವಿನ ತುಂಡು ಸಿಕ್ಕಿತು. ಒಗ್ಗರಣೆ ಡಬ್ಬಿಯಲ್ಲಿಟ್ಟೆ. ಅತ್ತೆಯವರು ದಿನಾ ಡಬ್ಬಿ ತೆರೆಯುತ್ತಾರೆ, ನೋಡುತ್ತಾರೆ, ಸಾಸಿವೆ ತೆಗೆದುಕೊಂಡು ಮುಚ್ಚುತ್ತಾರೆ. ಪಕ್ಕದ ಮನೆಯವರು ಏನಾದರೂ ಅಂದುಕೊಳ್ಳಲಿ. ಇದು ಇಲ್ಲೇ ಇರುತ್ತದೆ. ಮೆಂತ್ಯ ಬೇರೆ ಜಾಗ ನೋಡಿಕೊಳ್ಳಲಿ.